ನನ್ನ ಸೊಸೆ ಬೆಳಗಿನ ನಡಿಗೆ ನಿಲ್ಲಿಸಿದ್ದಾಳೆ

ವೈದ್ಯಕೀಯ ಪರಿಶೀಲನಾ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ನನ್ನ ಸೊಸೆ ಬೆಳಗಿನ ನಡಿಗೆ ನಿಲ್ಲಿಸಿದ್ದಾಳೆ. ನಿಮ್ಮ ಮಂಡಳಿಗೆ ಹೆದರಿ ನಿಲ್ಲಿಸಿದ್ದಾಳೆ. ಕ್ಯಾನ್ಸರಿಗೆ ಹೆದರದವಳು ನಿಮಗೆ ಹೆದರಿದ್ದಾಳೆ ಎಂದರೆ ಅದು ನಿಮ್ಮ ಹೆಗ್ಗಳಿಕೆಯೋ ನಮ್ಮ ಹಣೆಬರಹವೋ, ನೀವೇ ತೀರ್ಮಾನಿಸಿ. ದಿನಕ್ಕೆ ನಾಲ್ಕು ಸಾಲು ಬರೆದಿಟ್ಟುಕೊಳ್ಳುವ ಅಭ್ಯಾಸ ಬಿಟ್ಟರೆ ನನಗೆ ಬರವಣಿಗೆ ಬಾರದು. ಕಳಿಸಿದ ಅರ್ಜಿಗಳಿಗೆ ನಿಮ್ಮ ಕಚೇರಿ ತುಟಿ ಬಿಚ್ಚದಿದ್ದರಿಂದ ಹೀಗೆ ಪತ್ರಿಕೆಯಲ್ಲಿ ಎಲ್ಲರ ಎದುರು ಕೇಳಬೇಕಾಗಿದೆ.

ಅವಳು ಸರ್ಕಾರಿ ಮುದ್ರಣಾಲಯದ ಬೈಂಡಿಂಗ್ ವಿಭಾಗದ ಕೆಲಸಗಾರ್ತಿ. ಅಲ್ಲಿ ಉದ್ದನೆಯ ಮೇಜಿನ ಮೇಲೆ ಮಡಿಸಿದ ಹಾಳೆಗಳನ್ನು ಸಾಲಾಗಿ ಪೇರಿಸಿರುತ್ತಾರೆ. ಹೆಂಗಸರು ಮೇಜಿನ ಸುತ್ತ ನಡೆಯುತ್ತ ಪ್ರತಿ ರಾಶಿಯಿಂದ ಒಂದೊಂದು ಎತ್ತಿ ಜೋಡಿಸಬೇಕು. ಒಂದು ಸುತ್ತಿಗೆ ಒಂದು ಪುಸ್ತಕ. ಗಾಣದ ಎತ್ತಿನ ಕಣ್ಣಿಗೆ ಬಟ್ಟೆಯನ್ನಾದರೂ ಕಟ್ಟುತ್ತಾರೆ. ಇವರು ಕಣ್ಣು ಬಿಟ್ಟುಕೊಂಡೇ ಸುತ್ತಬೇಕು, ಪುಟ ತಪ್ಪಬಾರದಲ್ಲ. ಮೊದಲು ಅವಳಿಗೆ ಅಲ್ಲಿ ಬಿರುಗಾಳಿ ಎಂದೇ ಹೆಸರು. ಅವಳ ಹಿಂದೆ ನಡೆಯುವವರು, "ಸ್ವಲ್ಪ ನಿಧಾನ ಕಣೇ, ನಮಗೂ ಮಂಡಿ ಇದೆ" ಎಂದು ಬೈಯುತ್ತಿದ್ದರಂತೆ.

ಚಿಕಿತ್ಸೆ ಮುಗಿದು ವರ್ಷದ ಮೇಲಾಯಿತು. ಗಡ್ಡೆ ಹೋಯಿತು, ಕೂದಲು ಬಂತು, ರಕ್ತದ ವರದಿ ಚೆನ್ನಾಗಿದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ದೊಣ್ಣೆ ತಪ್ಪಿಸಿಕೊಂಡವರ ಕಾಲು ಎಷ್ಟು ದಿನ ನಡುಗುತ್ತದೆ ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಅವಳ ದಣಿವು ನಮ್ಮ ನಿಮ್ಮ ದಣಿವಿನಂಥದ್ದಲ್ಲ. ಮಲಗಿದರೆ ಹೋಗುವುದಿಲ್ಲ. ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದವಳು ತಲೆ ಬಾಚುವಷ್ಟರಲ್ಲಿ ಬಾಚಣಿಗೆ ಮಡಿಲಲ್ಲಿಟ್ಟುಕೊಂಡು ಕೂತುಬಿಡುತ್ತಾಳೆ. ಮಾತು ಅರ್ಧಕ್ಕೆ ನಿಂತು, ಏನು ಹೇಳಹೊರಟಿದ್ದೆ ಎಂದು ನನ್ನ ಮುಖ ನೋಡುತ್ತಾಳೆ. ಕೆಲಸಕ್ಕೆ ಮರಳಿದ ಮೊದಲ ತಿಂಗಳಲ್ಲೇ ಒಂದೇ ರಾಶಿಯ ಹಾಳೆಯನ್ನು ಎರಡೆರಡು ಸಲ ಜೋಡಿಸಿ ಒಂದು ಕಟ್ಟು ಪುಸ್ತಕ ಕೆಡಿಸಿದಳು. ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಅತ್ತಳು, ಮತ್ತೆ ರಜೆ ಹಾಕಿದಳು.

ಆಸ್ಪತ್ರೆಯ ನರ್ಸಮ್ಮ ಒಬ್ಬರೇ ಇದನ್ನು ಕೂತು ಕೇಳಿದವರು. "ಇದು ಸೋಮಾರಿತನ ಅಲ್ಲಮ್ಮ, ಚಿಕಿತ್ಸೆ ಬಿಟ್ಟುಹೋಗಿರೋ ದಣಿವು. ಹಾಗಂತ ಇಡೀ ದಿನ ಮಲಗಬೇಡ, ಮಲಗಿದಷ್ಟೂ ಜಾಸ್ತಿ ಆಗುತ್ತೆ. ದಿನಾ ಸ್ವಲ್ಪ ನಡಿ. ಸುಸ್ತಾಗೋಕೆ ಮುಂಚೆನೇ ಕೂತ್ಕೋ. ಚೆನ್ನಾಗಿರೋ ಹೊತ್ತಲ್ಲಿ ಮುಖ್ಯವಾದ ಕೆಲಸ ಮುಗಿಸು, ಉಳಿದದ್ದು ಅತ್ತೆ ಮೇಲೆ ಹಾಕು" ಎಂದರು. ನಾನು, "ಇದನ್ನು ಮಾತ್ರ ಬರೆದು ಕೊಡಬೇಡಿ ತಾಯಿ" ಎಂದೆ. ಮೂವರೂ ನಕ್ಕೆವು. ಅವತ್ತಿನಿಂದ ಬಚ್ಚಲಲ್ಲಿ ಒಂದು ಸ್ಟೂಲು, ಒಲೆಯ ಪಕ್ಕ ಒಂದು ಸ್ಟೂಲು. ಬೆಳಿಗ್ಗೆ ಬೀದಿಯ ತುದಿಯ ಔಷಧಿ ಅಂಗಡಿಯವರೆಗೆ ನಡಿಗೆ. ಆಮೇಲೆ ಅದರಾಚೆಯ ಶಾಲೆಯ ಗೇಟಿನವರೆಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಪಕ್ಕದ ಮನೆಯವಳು ಚುಚ್ಚಿದಳು. ಚುಚ್ಚಲಿ. ಅವಳನ್ನು ಆಸ್ಪತ್ರೆಗೆ ಹೊತ್ತು ತಿರುಗಿದ ನನ್ನ ಮಗ, ಅವಳ ಚಿಕಿತ್ಸೆ ಮುಗಿದ ಮೇಲೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹೋಗುತ್ತಾಳೆ ಎಂದುಕೊಂಡವಳು ಉಳಿದಳು, ಗಟ್ಟಿಯಾಗಿದ್ದವನು ಹೋದ. ನನಗೆ ಉಳಿದಿರುವವಳು ಇವಳೊಬ್ಬಳೇ.

ಕೂತು ಮಾಡುವ, ಪುಸ್ತಕ ಹೊಲಿಯುವ ಕೆಲಸ, ಅದೂ ಅರ್ಧ ದಿನ, ಸ್ವಲ್ಪ ಕಾಲದ ಮಟ್ಟಿಗೆ. ಇಷ್ಟನ್ನು ಕೇಳಲು ಅವಳು ನನ್ನ ಜೊತೆ ನಿಮ್ಮ ಮುಂದೆ ಬಂದಳು. ಬರುವ ಮುಂಚೆ ಎರಡು ದಿನ ಯಾವ ಕೆಲಸವನ್ನೂ ಮುಟ್ಟದೆ ಶಕ್ತಿ ಕೂಡಿಟ್ಟುಕೊಂಡಿದ್ದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ನಮ್ಮಂಥವರು ದೊಡ್ಡವರ ಎದುರು ಹೋಗುವುದೇ ಹಾಗೆ. ಕೆದರಿದ ತಲೆಯಲ್ಲಿ ಬಂದಿದ್ದರೆ ನಿಮ್ಮ ವೈದ್ಯಶಾಸ್ತ್ರಕ್ಕೆ ಅನುಕೂಲವಾಗುತ್ತಿತ್ತೇನೋ.

"ವಾಕಿಂಗ್ ಮಾಡ್ತೀರಾ?" ಎಂದು ಕೇಳಿದಿರಿ.

"ಮಾಡ್ತೀನಿ ಸರ್. ನರ್ಸಮ್ಮ ಹೇಳಿದ್ದಾರೆ."

"ದಿನಾ?"

"ಒಂದು ದಿನಾನೂ ತಪ್ಪಿಸಿಲ್ಲ ಸರ್" ಎಂದಳು, ಮನೆಪಾಠ ಮುಗಿಸಿಕೊಂಡು ಬಂದ ಮಗುವಿನ ಹಾಗೆ.

"ಮತ್ತೆ ಮೇಜಿನ ಸುತ್ತ ನಡೆಯೋಕೆ ಏನಮ್ಮ ಕಷ್ಟ?"

ನಿಮ್ಮ ಪಕ್ಕದವರು, "ಸುಸ್ತು ನಮಗೂ ಆಗುತ್ತಮ್ಮ, ನಾವೇನು ಕುರ್ಚಿ ಬೇಕು ಅಂತ ಅರ್ಜಿ ಹಾಕ್ತೀವಾ?" ಎಂದರು. ಹಾಗೆಂದವರು ಕುರ್ಚಿಯ ಮೇಲೆ ಕೂತಿದ್ದರು. ಆದೇಶದಲ್ಲಿ, "ಪ್ರತಿದಿನ ವಾಯುವಿಹಾರ ಮಾಡುವಷ್ಟು ಸಮರ್ಥರಿದ್ದು, ಪೂರ್ಣ ಕರ್ತವ್ಯಕ್ಕೆ ಯೋಗ್ಯರು" ಎಂದು ಬರೆದಿರಿ.

ಮಾನ್ಯರೇ, ಮದ್ದು ಕುಡಿಯುವ ಶಕ್ತಿ ಇರುವವರಿಗೆ ರೋಗವೇ ಇಲ್ಲ ಎಂದು ಯಾವ ಶಾಸ್ತ್ರ ಹೇಳುತ್ತದೆ? ನಿಮ್ಮ ಇಲಾಖೆಯ ಆಸ್ಪತ್ರೆ ನಡಿ ಎನ್ನುತ್ತದೆ, ನಿಮ್ಮ ಮಂಡಳಿ ನಡೆದದ್ದಕ್ಕೆ ದಂಡ ಹಾಕುತ್ತದೆ. ಇಬ್ಬರೂ ಒಮ್ಮೆ ಕೂತು ಮಾತಾಡಿಕೊಳ್ಳಬಾರದೇ? ಬೇಕಾದಾಗ ನಿಂತು, ಬೇಕಾದಾಗ ಗೋಡೆಗೆ ಒರಗಿ ಬೀದಿಯಲ್ಲಿ ನಡೆಯುವುದಕ್ಕೂ ಹಿಂದಿನವರು ತಳ್ಳಿಕೊಂಡು ಬರುವಾಗ ಮೇಜು ಸುತ್ತುವುದಕ್ಕೂ ವ್ಯತ್ಯಾಸ ಕಾಣಲು ಎಷ್ಟು ಓದಿರಬೇಕು?

ಆದೇಶ ಬಂದ ಮರುದಿನ ಅವಳು ಚಪ್ಪಲಿ ಮೆಟ್ಟಲಿಲ್ಲ. "ಯಾಕೆ ಮಗಾ?" ಎಂದೆ.

"ಮೇಸ್ತ್ರಿ ಮನೆ ಅದೇ ಬೀದೀಲಿದೆ ಅತ್ತೆ. ನೋಡಿದ್ರೆ?"

"ನೋಡ್ಲಿ ಬಿಡು."

"ನೋಡಿ ಹೇಳಿದ್ರೆ?"

ಈಗ ಅವಳು ಕಿಟಕಿಯ ಬಳಿಯೂ ನಿಲ್ಲುವುದಿಲ್ಲ. ಯಾರಾದರೂ ಬಂದರೆ ನಗುವುದಿಲ್ಲ. ಚೆನ್ನಾಗಿದ್ದಾಳೆ ಎಂದು ಯಾರಿಗೂ ಅನ್ನಿಸಬಾರದಲ್ಲ. ನರ್ಸಮ್ಮ ಹೇಳಿದಂತೆಯೇ ಆಗುತ್ತಿದೆ, ಮಲಗಿದಷ್ಟೂ ದಣಿವು ಏರುತ್ತಿದೆ. ಮೊನ್ನೆ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು: "ಗಡ್ಡೆ ಇದ್ದಾಗ ಎಲ್ಲರೂ ನಂಬ್ತಿದ್ರು ಅತ್ತೆ. ಅದು ವಾಪಸ್ ಬಂದ್ರೆ ಕೂತ್ಕೊಳ್ಳೋಕೆ ಬಿಡ್ತಾರೇನೋ." ನಾನು ಹಿಟ್ಟು ಕಲಸುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಹೋಗಿ ಅವಳ ಪಕ್ಕ ಕೂತೆ. ಮಗನನ್ನು ಕಳುಹಿಸಿ ಬಂದ ದಿನವೂ ನನಗೆ ಇಷ್ಟು ಭಯವಾಗಿರಲಿಲ್ಲ.

ಸೋಮವಾರ ಅವಳು ಪೂರ್ಣ ಪಾಳಿಗೆ ಹಾಜರಾಗಬೇಕು, ಇಲ್ಲವಾದರೆ ಕೆಲಸ ಹೋಗುತ್ತದೆ. ಆದ್ದರಿಂದ ಅಷ್ಟರೊಳಗೆ ಆ ಆದೇಶವನ್ನು ಹಿಂತೆಗೆದುಕೊಳ್ಳಿ. ಕೂತು ಮಾಡುವ ಅರ್ಧ ದಿನದ ಕೆಲಸ ಕೊಡಿ. ನಿಮಗೆ ಅನುಮಾನವಿದ್ದರೆ ಹೇಳದೆ ಕೇಳದೆ ಒಂದು ಸಂಜೆ ನಮ್ಮ ಮನೆಗೆ ಬಂದು ಅವಳನ್ನು ನೋಡಿ. ಬೆಳಗಿನ ಇಸ್ತ್ರಿ ಸೀರೆ ನೋಡಿ ತೀರ್ಪು ಬರೆಯಬೇಡಿ. ಇನ್ನೊಂದು ಮಾತನ್ನು ನಿಮ್ಮ ಸಹಿಯೊಂದಿಗೆ ಬರೆದು ಕೊಡಿ: ಅವಳು ನಡೆದರೆ, ನಕ್ಕರೆ, ಅದನ್ನು ಅವಳ ವಿರುದ್ಧ ಹಿಡಿಯುವುದಿಲ್ಲ ಎಂದು. ಆ ಕಾಗದವನ್ನು ಕೈಯಲ್ಲಿ ಹಿಡಿಸಿ ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ. ಬೇರೆ ದಾರಿ ನನಗೆ ತಿಳಿದಿಲ್ಲ.

ಇಂತಿ,
ಸೊಸೆಗಾಗಿ ಬೇಡುತ್ತಿರುವ ಒಬ್ಬ ಅತ್ತೆ
(ಇದನ್ನೂ ನೀವು ನಂಬಲಿಕ್ಕಿಲ್ಲ)