ಹೆಸರು ತೆಗೆದ ಅಳತೆಗಳು

ಶನಿವಾರ, ಹನ್ನೆರಡನೇ ತಾರೀಕು
ನಮ್ಮ ಅಂಗಡಿ, ಬೆಳಿಗ್ಗೆ ಏಳೂವರೆ

ನನ್ನ ಮುದ್ದಿನ ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಗೆ ಏನೂ ಆಗಿಲ್ಲ. ಮೂರೂ ಮಿಷನ್ ಓಡುತ್ತಿವೆ. ಕಟಿಂಗ್ ಮಾಸ್ಟ್ರು ಎಂದಿನಂತೆ ಬಂದು, ಕತ್ತರಿಗೆ ಎಣ್ಣೆ ಬಿಟ್ಟು, ನನಗೆ ಎರಡು ಬೈದು ಕೆಲಸ ಶುರು ಮಾಡುತ್ತಾರೆ. ಫೋನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಅಕ್ಕನ ಮನೆಗೆ ಫೋನು ಮಾಡಿದರೆ ಭಾವ ಸ್ಪೀಕರ್ ಹಾಕುತ್ತಾರೆ. ಬಾಣಂತಿ ಅಕ್ಕ, ಕೂಸು, ಅವಳ ಅತ್ತೆ, ಪಕ್ಕದ ಮನೆಯವರು ಎಲ್ಲರೂ ಸುತ್ತ ಕೂತು ಕೇಳುತ್ತಾರೆ. ಇದು ನಿನ್ನೊಬ್ಬಳಿಗೇ ಹೇಳುವ ವಿಷಯ. ಓದಿ ಹರಿದು ಹಾಕು. ಈ ವಾರ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ, ಕುರ್ಚಿಯಲ್ಲಿ ಕೂರಲು ಆಗುತ್ತಿಲ್ಲ, ಅರ್ಧ ಕಾಗದ ನಿಂತೇ ಬರೆಯುತ್ತಿದ್ದೇನೆ!

ನೀನು ಹೊರಟ ಮಾರನೆಯ ದಿನವೇ ನಮ್ಮ ಬೀದಿಯ ತಿರುವಿನಲ್ಲಿ ಹೊಸ ರೆಡಿಮೇಡ್ ಅಂಗಡಿಯ ಬೋರ್ಡು ಎದ್ದಿತು. ಅದರ ಮ್ಯಾನೇಜರ್ ಬಂದರು. ಅವರ ಹೆಂಡತಿ ನಮ್ಮ ಹಳೆಯ ಗಿರಾಕಿಯೇ. ಮಾತಿಗೊಮ್ಮೆ ಸರಿ ಸರಿ ಅನ್ನುವ ಮನುಷ್ಯ, ಕೈಯಲ್ಲಿ ಫಳಫಳ ಹೊಳೆಯುವ ಟ್ಯಾಬ್. ನಿನ್ನ ಅಳತೆ ಪುಸ್ತಕವನ್ನು ಅದರಲ್ಲಿ ಟೈಪ್ ಮಾಡಿಕೊಟ್ಟರೆ ಟ್ಯಾಬ್ ನಮಗೇ ಅಂತೆ. ಅಳತೆ ಹಾಕಿದರೆ ಸಾಕು, ಎಲ್ಲಿ ಕತ್ತರಿಸಬೇಕೆಂದು ತಾನೇ ಗೆರೆ ಎಳೆದು ತೋರಿಸುತ್ತದಂತೆ. ಅವರಿಗೆ ಬೇಕಾದದ್ದು ಬರೀ ಅಂಕಿಗಳು, ಈ ಊರಿನ ಹೆಂಗಸರಿಗೆ ಯಾವ ಸೈಜು ಎಷ್ಟು ತರಿಸಬೇಕೆಂದು ತಿಳಿಯಲು. ಹೆಸರು ಬೇಡವೇ ಬೇಡ ಎಂದು ಎರಡೂ ಕೈ ಆಡಿಸಿದರು. ನಾನು ಕುಣಿದುಬಿಟ್ಟೆ ಅಮ್ಮಾ! ಒಂದು ಹಾಳೆಗೆ ಸಹಿ ಕೂಡ ಹಾಕಿದೆ, ಪೂರ್ತಿ ಓದದೆ.

ಆ ಪುಸ್ತಕ ಡ್ರಾಯರಿನಿಂದ ಆಚೆ ಬರಬಾರದು ಎಂದು ನೀನು ಸಾವಿರ ಸಲ ಹೇಳಿದ್ದೀಯ. ಬರಲಿಲ್ಲ, ಡ್ರಾಯರ್ ಎಳೆದಿಟ್ಟುಕೊಂಡೇ ಟೈಪ್ ಮಾಡಿದೆ. ನಗಬೇಡ, ಆವತ್ತು ನನಗೆ ಅದೇ ದೊಡ್ಡ ಜಾಣತನವಾಗಿ ಕಂಡಿತ್ತು. ಹತ್ತೊಂಬತ್ತು ವರ್ಷದಿಂದ ನೀನು ಯಾರ ನಿಜವಾದ ಹೆಸರನ್ನೂ ಬರೆದಿಲ್ಲ. ಜೋರುನಗು, ಆತುರಗಾರ್ತಿ, ಅಂಚೆ ಅಕ್ಕ ಎಂದು ಬರೀ ಅಡ್ಡಹೆಸರು. ನಾನು ಅದನ್ನೂ ತೆಗೆದು, ಒಂದರಿಂದ ಇನ್ನೂರ ಹನ್ನೆರಡರವರೆಗೆ ನಂಬರ್ ಹಾಕಿದೆ. ನೀನು ಅಂಚಿನಲ್ಲಿ ಪುಟ್ಟದಾಗಿ ಬರೆಯುತ್ತೀಯಲ್ಲ, ಎಲ್ಲಿ ಸಡಿಲ ಬಿಡಬೇಕು, ಎಲ್ಲಿ ಏನು ಮುಚ್ಚಬೇಕು ಎಂದು, ಅವಕ್ಕೂ ಟ್ಯಾಬಿನಲ್ಲಿ ವಿಶೇಷ ಸೂಚನೆ ಅಂತ ಒಂದು ಖಾನೆ ಇತ್ತು. ಒಂದನ್ನೂ ಬಿಡದೆ ತುಂಬಿದೆ. ಮೂರು ದಿನ ಊಟದ ಮೇಲೂ ಗಮನ ಇರಲಿಲ್ಲ.

ಗುರುವಾರ ಬೆಳಿಗ್ಗೆ ಮುಗಿಯಿತು. ಹೆಮ್ಮೆ ತಡೆಯಲಾರದೆ ಮಾಸ್ಟ್ರ ಮುಂದೆ ಹೋಗಿ ನಿಂತೆ. ನೋಡಿ, ಇಲ್ಲಿ ಯಾರು ಯಾರೆಂದು ದೇವರಿಗೂ ಗೊತ್ತಾಗಲ್ಲ ಎಂದೆ. ಅವರು ಬಟ್ಟೆಯಿಂದ ತಲೆ ಎತ್ತದೆ, ಎಲ್ಲಿ, ಒಂದು ಓದು ಎಂದರು. ಹದಿನೇಳನೇ ನಂಬರ್ ಓದಿದೆ: ಭುಜ ಹದಿನಾಲ್ಕು, ಬಲಭುಜ ಮುಕ್ಕಾಲು ಇಂಚು ತಗ್ಗು. ಅಂಚೆ ಅಕ್ಕ, ಚೀಲ ಹೊತ್ತು ಹೊತ್ತು ಹಾಗಾಗಿದೆ ಎಂದರು. ಕಣ್ಣುಕಟ್ಟು ಅಂದುಕೊಂಡು ಮೂವತ್ತನೆಯದು ಓದಿದೆ. ಔಷಧಿ ಅಂಗಡಿಯ ಹಿರಿಸೊಸೆ. ಐವತ್ತೆರಡು? ಅವಳೇ, ಬಸ್ಸಿನ ಕಂಡಕ್ಟರು, ಸೊಂಟಕ್ಕೆ ಎರಡು ಜೇಬು ಇನ್ಯಾರಿಗೆ ಬೇಕು? ಇನ್ನೂ ಎರಡು ಓದಿದೆ, ಐದಕ್ಕೆ ಐದೂ ಸರಿ! ನನಗೆ ತಮಾಷೆಯೋ ತಮಾಷೆ, ಚಪ್ಪಾಳೆ ಹೊಡೆದೆ. ಅದೇ ಭರದಲ್ಲಿ ಅರವತ್ನಾಲ್ಕು ಓದಿದೆ: ಎದೆ ಮೂವತ್ತಾರು, ಎಡಗಡೆ ಒಳಪದರದಲ್ಲಿ ಹತ್ತಿ ತುಂಬುವುದು, ಎಡ ಕಂಕುಳು ಸಡಿಲ, ಗಾಯ ಉಜ್ಜಬಾರದು.

ಮಾಸ್ಟ್ರು ಕತ್ತರಿ ಕೆಳಗಿಟ್ಟರು. ಅದನ್ನ ಓದಬೇಡ ಕಣಮ್ಮಾ ಎಂದರು, ಅಷ್ಟೇ.

ಅವರ ಮುಖ ನೋಡಿದ ಮೇಲೆ ನನಗೂ ತಿಳಿಯಿತು. ನಮ್ಮ ಲೆಕ್ಕದ ಟೀಚರ್. ಎರಡು ವರ್ಷದ ಹಿಂದೆ ಅವರು ಉದ್ದ ರಜೆ ಹಾಕಿದ್ದು ಆಪರೇಷನ್ನಿಗೆ ಎಂಬುದು ಅವರ ಗಂಡ, ನೀನು, ಮಾಸ್ಟ್ರು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವರು ಬಂದಾಗಲೆಲ್ಲ ನೀನು ಶಟರ್ ಅರ್ಧ ಇಳಿಸಿ, ನನ್ನನ್ನು ದಾರದುಂಡೆ ತರಲು ಓಡಿಸುತ್ತಿದ್ದೆಯಲ್ಲ, ಆವತ್ತು ಅರ್ಥವಾಯಿತು ಎಷ್ಟು ದಾರ ಸುಮ್ಮನೆ ತಂದಿದ್ದೇನೆಂದು.

ಮ್ಯಾನೇಜರ್ ಮೂರು ಗಂಟೆಗೆ ಬಂದರು. ಟ್ಯಾಬ್ ವಾಪಸ್ ತೆಗೆದುಕೊಳ್ಳಿ, ನನಗೆ ಬೇಡ ಎಂದೆ. ಅವರು ಸರಿ ಸರಿ ಎಂದು ನಕ್ಕರು. ನಾನು ಟೈಪ್ ಮಾಡಿದ್ದೆಲ್ಲ ಆಗಿಂದಾಗಲೇ ಅವರ ಕಂಪ್ಯೂಟರಿಗೂ ಕಂಪನಿಗೂ ಹೋಗಿ ಕೂತಿದೆಯಂತೆ. ಶನಿವಾರ ಅಂಗಡಿ ತೆರೆದಾಗ ಕೌಂಟರಿನವರು ಅದನ್ನು ನೋಡಿಕೊಂಡೇ ಬಟ್ಟೆ ತೋರಿಸುತ್ತಾರಂತೆ. ಕೌಂಟರಿನಲ್ಲಿ ಕೂರುವವರು ಯಾರು ಗೊತ್ತೇನಮ್ಮಾ? ಟೀಚರ ನಾದಿನಿ! ಒಂದೇ ಮನೆ, ಒಂದೇ ಬಟ್ಟೆ ಒಣಹಾಕುವ ಹಗ್ಗ. ಅತ್ತಿಗೆಯ ಭುಜ, ಸೊಂಟ, ಉದ್ದ ಅವಳಿಗೆ ತಿಳಿಯದೇ? ಆ ಸಾಲು ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಟೀಚರ್ ಎರಡು ವರ್ಷ ಹಲ್ಲುಕಚ್ಚಿ ಕಾಪಾಡಿಕೊಂಡದ್ದು ಸಂಜೆಯೊಳಗೆ ಬೀದಿಯ ಬಾಯಲ್ಲಿ. ನಾನು ಕೈಮುಗಿದೆ. ಹೆಸರೇ ಇಲ್ಲದ ಮೇಲೆ ಇದು ಯಾರದ್ದೂ ಅಲ್ಲ, ಯಾರದ್ದೂ ಅಲ್ಲದ್ದನ್ನು ಅಳಿಸಿ ಎಂದು ಕೇಳುವವರು ಯಾರು ಎಂದು ಅವರು ನನ್ನ ಸಹಿ ತೋರಿಸಿ ಹೊರಟೇಹೋದರು.

ಮುಚ್ಚಿಟ್ಟು ನಾನೇ ಏನಾದರೂ ಮಾಡೋಣ ಎಂದು ಒಂದು ನಿಮಿಷ ಅನಿಸಿತು. ಮಾಸ್ಟ್ರು ಬಿಡಲಿಲ್ಲ. ಅದು ಅವರ ವಿಷಯ, ಅವರಿಗೆ ಮೊದಲು ಗೊತ್ತಾಗಬೇಕು ಎಂದು ನನ್ನ ಕೈಗೆ ಸೈಕಲ್ ಬೀಗದಕೈ ಕೊಟ್ಟರು. ಶಾಲೆಗೆ ಹೇಗೆ ತುಳಿದೆನೋ! ಟೀಚರ್ ಒಬ್ಬರೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿ ಎರಡೇ ಪ್ರಶ್ನೆ ಕೇಳಿದರು. ಆ ಸಾಲಿನಲ್ಲಿ ಏನು ಬರೆದಿದೆ ಎಂಬುದು ಒಂದು. ಅಕ್ಷರ ಬಿಡದೆ ಹೇಳಿದೆ. ಟೈಪ್ ಮಾಡುವಾಗ ಅದು ನಾನೆಂದು ನಿನಗೆ ಗೊತ್ತಿತ್ತೇ ಎಂಬುದು ಎರಡನೆಯದು, ಇಲ್ಲ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ಯಾಗ್ ತೆಗೆದುಕೊಂಡು ನಡಿ ಎಂದರು.

ಇನ್ನು ಕೇಳು, ನೀನು ಇಲ್ಲದೆ ಹೋದೆಯಲ್ಲ ಎಂದು ನನಗೆ ಹೊಟ್ಟೆ ಉರಿಯುವುದು ಈ ಭಾಗಕ್ಕೇ! ಮ್ಯಾನೇಜರ ಗಾಜಿನ ಕೋಣೆಯಲ್ಲಿ ನಾನು, ಟೀಚರ್, ದಾರಿಯಲ್ಲಿ ಕರೆದುಕೊಂಡ ಮಾಸ್ಟ್ರು. ಗಾಜಿನಾಚೆ ನಾದಿನಿ ಬಟ್ಟೆಗೆ ಚೀಟಿ ಅಂಟಿಸುತ್ತಾ ಅತ್ತಿಗೆಗೆ ಕೈ ಬೀಸುತ್ತಿದ್ದಾಳೆ, ಟೀಚರೂ ನಗುತ್ತಾ ಕೈ ಬೀಸಿ ಬಾಗಿಲು ಮುಚ್ಚಿದರು. ಮ್ಯಾನೇಜರ್ ಮತ್ತದೇ ರಾಗ, ಈ ಪಟ್ಟಿಯಿಂದ ಯಾರನ್ನೂ ಗುರುತು ಹಿಡಿಯಲು ಸಾಧ್ಯವೇ ಇಲ್ಲ ಎಂದು. ಟೀಚರ್ ತರಗತಿಯಲ್ಲಿ ಮಾತಾಡುವ ಹಾಗೆಯೇ, ಸಾಧ್ಯವೇ ಇಲ್ಲ ಅನ್ನುವ ಮಾತನ್ನು ಸುಳ್ಳು ಮಾಡಲು ಒಂದೇ ಒಂದು ಉದಾಹರಣೆ ಸಾಕು ಎಂದರು. ನಿಮ್ಮ ಮನೆಯವರೂ ಇವರ ಅಂಗಡಿಯಲ್ಲೇ ಹೊಲಿಸುತ್ತಾರಲ್ಲ, ಅವರು ಈ ಪಟ್ಟಿಯಲ್ಲಿ ಎಲ್ಲಿದ್ದಾರೆ ಎಂದು ಮಾಸ್ಟ್ರು ಹುಡುಕಲಿ ಎಂದರು.

ಮ್ಯಾನೇಜರ್ ನಗುತ್ತಲೇ ಪಟ್ಟಿ ತೆರೆದರು. ಮಾಸ್ಟ್ರು ಕನ್ನಡಕ ಏರಿಸಿ ಒಂದೊಂದೇ ಸಾಲಿನ ಮೇಲೆ ಬೆರಳು ಇಳಿಸುತ್ತಾ ಬಂದರು. ಅರವತ್ತು, ಅರವತ್ತೊಂದು... ಟೀಚರ್ ಪಟ್ಟಿಯನ್ನು ನೋಡಲಿಲ್ಲ, ಗಾಜಿನಾಚೆ ನೋಡುತ್ತಿದ್ದರು. ಬೆರಳು ಅರವತ್ನಾಲ್ಕನ್ನು ನಿಲ್ಲದೆ ದಾಟಿತು. ನೂರ ಮೂವತ್ತೊಂದರ ಮೇಲೆ ನಿಂತಿತು. ಮಾಸ್ಟ್ರು ಬಾಯಿ ಬಿಡಲಿಲ್ಲ, ತೋರಿಸಿದರು ಅಷ್ಟೇ. ಅಲ್ಲಿ ನೀನೇನು ಬರೆದಿದ್ದೆ ಎಂದು ನಿನಗೆ ನೆನಪಿರಬೇಕು: ಬಲಭುಜದ ಹಚ್ಚೆ ಅತ್ತೆಗೆ ಕಾಣಬಾರದು, ಕತ್ತು ಅರ್ಧ ಇಂಚು ಮೇಲೆ. ಮ್ಯಾನೇಜರ ಕಿವಿ ಕೆಂಪಗಾಯಿತು ಅಮ್ಮಾ! ಆ ಅತ್ತೆ ಎಂದರೆ ಅವರ ತಾಯಿ ತಾನೇ. ಸರಿ ಸರಿ ಎಂದವರು ಈ ಸಲ ನಿಜವಾಗಿಯೂ ಸರಿ ಎಂಬಂತೆ ಹೇಳಿದರು. ನಮ್ಮ ಕಣ್ಣೆದುರಿಗೇ ತಮ್ಮ ಕಂಪ್ಯೂಟರಿನಿಂದಲೂ ಟ್ಯಾಬಿನಿಂದಲೂ ಅಳಿಸಿದರು. ಕಂಪನಿಯಲ್ಲಿರುವ ಪ್ರತಿಯನ್ನೂ ಅಳಿಸಿ, ಅಳಿಸಿದ್ದೇವೆ ಎಂದು ಬರವಣಿಗೆಯಲ್ಲಿ ಕೊಡಬೇಕೆಂದು ಟೀಚರ್ ಪಟ್ಟುಹಿಡಿದರು, ಮ್ಯಾನೇಜರ್ ಒಪ್ಪುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ನಿನ್ನೆ ಸಂಜೆ ಆ ಪತ್ರ ಬಂತು. ಗೆದ್ದೆವು! ಬೀದಿಯಲ್ಲೇ ಒಂದು ಕುಣಿತ ಹಾಕಿದೆ. ಮಾಸ್ಟ್ರು ಮಾತ್ರ ಕುಣಿಯಲಿಲ್ಲ. ಒಬ್ಬರ ಗುಟ್ಟು ಉಳಿಸಲು ಇನ್ನೊಬ್ಬರ ಗುಟ್ಟಿಗೆ ಬೆರಳಿಟ್ಟೆ, ಅವಳ ಗಂಡನಿಗೆ ಗೊತ್ತಿಲ್ಲದಿದ್ದರೆ ಏನು ಗತಿಯಾಗುತ್ತಿತ್ತು, ಇನ್ನೊಮ್ಮೆ ನನ್ನಿಂದ ಇದನ್ನು ಮಾಡಿಸಬೇಡ ಎಂದರು.

ಟೀಚರ್ ನಿನ್ನೆ ಅಂಗಡಿಗೆ ಬಂದು ಪತ್ರವನ್ನು ಎರಡು ಸಲ ಓದಿದರು. ಉಳಿದ ಎಲ್ಲರಿಗೂ ನೀನೇ ಹೇಳಬೇಕು, ಅವರಿಗೂ ತಿಳಿಯಬೇಕಲ್ಲ ಎಂದರು. ನಿನ್ನೆ ರಾತ್ರಿಯೇ ಶುರು ಮಾಡಿದೆ. ಅಂಚೆ ಅಕ್ಕ ನಕ್ಕುಬಿಟ್ಟಳು, ಔಷಧಿ ಅಂಗಡಿಯ ಸೊಸೆ ಅರ್ಧ ಗಂಟೆ ಉಗಿದಳು. ಆಮೇಲೆ ಟೀಚರ್ ತಮ್ಮ ಪುಟ ಕೇಳಿದರು. ಸ್ಕೇಲ್ ಇಟ್ಟು ನೀಟಾಗಿ ಹರಿದುಕೊಟ್ಟೆ; ಪುಸ್ತಕದಲ್ಲಿ ಒಂದು ಹಾಳೆ ಕಡಿಮೆಯಾಗಿದೆ, ಬೈಯಬೇಡ. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನೂ ವಾಪಸ್ ತೆಗೆದುಕೊಂಡು, ಅಮ್ಮ ಯಾವಾಗ ಬರುತ್ತಾರೆ ಎಂದು ಕೇಳಿದರು. ಮೂರು ವಾರ ಎಂದೆ. ಅಲ್ಲಿಯವರೆಗೆ ಕಾಯುತ್ತೇನೆ ಎಂದರು.

ಅಕ್ಕನಿಗೆ, ಕೂಸಿಗೆ ನನ್ನ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಎಲ್ಲರ ಬಾಣಂತನ ಮಾಡಿ ನೀನು ಮಲಗಿಬಿಡಬೇಡ.

ನಿನ್ನ ತಲೆಹರಟೆ,
ಚಿಕ್ಕವಳು

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ ಅಮ್ಮಾ. ಅರವತ್ನಾಲ್ಕು ಯಾರೆಂದು ಮಾಸ್ಟ್ರ ಮುಖ ನೋಡಿ ತಿಳಿದದ್ದಲ್ಲ. ಆ ಪುಟದ ತಲೆಯಲ್ಲಿ ನೀನು ಸೀಮೆಸುಣ್ಣ ಎಂದು ಬರೆದಿದ್ದೆ. ಅವರ ಕೈಯಲ್ಲಿ ಐದು ವರ್ಷ ಲೆಕ್ಕ ಕಲಿತವಳಿಗೆ ಅಷ್ಟೂ ಹೊಳೆಯದೇ? ಟೈಪ್ ಮಾಡುವಾಗಲೇ ಗೊತ್ತಾಯಿತು, ಹತ್ತಿ ಏಕೆಂದೂ ಗೊತ್ತಾಯಿತು. ಬೆರಳು ನಿಂತಿತ್ತು. ಆಮೇಲೆ, ಹೆಸರು ಹೇಗೂ ಇಲ್ಲವಲ್ಲ ಎಂದುಕೊಂಡು ಪೂರ್ತಿ ಮಾಡಿದೆ. ಟೀಚರ್ ಕೇಳಿದಾಗ ಇಲ್ಲ ಎಂದೆ. ಅವರು ನಂಬಿದ್ದಾರೆ. ಇದನ್ನು ಅಂಚೆಗೆ ಹಾಕಿ ಅಲ್ಲಿಂದ ನೇರ ಅವರ ಮನೆಗೆ ಹೋಗುತ್ತೇನೆ.