ನಡುವಿನ ಸ್ಟಾಂಪು

ಫೆಬ್ರವರಿ 4, ಭಾನುವಾರ

ಬೆಳಿಗ್ಗೆ ನೀರಲ್ಲಿ ನೆನೆಹಾಕಿದ್ದ ಸ್ಟಾಂಪುಗಳನ್ನೆಲ್ಲ ಹೀರುಕಾಗದದ ಮೇಲೆ ಬೋರಲು ಹಾಕಿದ್ದಾಯಿತು. ಅಂಚೆಯವು ಮಾತ್ರ. ರೆವಿನ್ಯೂ ಸ್ಟಾಂಪನ್ನು ನೀರಿಗೆ ಹಾಕುವ ಪೆದ್ದಿ ನಾನಲ್ಲ. ಅದರ ಮಸಿ ಬಿಡುತ್ತದೆ, ರಾಜನೂ ಹೋಗುತ್ತಾನೆ, ಅವನ ಮೇಲೆ ಕೂತ ಸರಕಾರವೂ ಹೋಗುತ್ತದೆ.

ಪುಟ್ಟಿ ಟೀ ತಂದಿಟ್ಟಳು. ಐವತ್ತು ದಾಟಿದರೂ ನನ್ನ ತಂಗಿ ಪುಟ್ಟಿಯೇ. ಗಂಡನ ಮನೆ ಬಿಟ್ಟು ಬಂದಾಗಿನಿಂದ ನನ್ನ ಜೊತೆ. ಮೇಜು ನೋಡಿ ಎಂದಿನ ರಾಗ.

"ಇದೇ ಸ್ಟಾಂಪು ಹೋದ ವಾರಾನೂ ಇತ್ತಲ್ಲ ಅಕ್ಕ?"

"ಅದರ ಮೇಲಿದ್ದ ಹೆಸರು ಬೇರೆ ಕಣೇ."

"ಮುಖ ಅದೇ."

"ಮುಖ ಅದೇ, ಹೆಸರು ಬೇರೆ. ಮಜಾ ಇರೋದೇ ಅಲ್ಲಿ."

ನೂರಾ ಒಂದನೇ ಸಲ ವಿವರಿಸಿದೆ. ದೊರೆಗಳು ಗಂಟುಮೂಟೆ ಕಟ್ಟಿದರು. ಅವರ ರಾಜನ ತಲೆಯಿದ್ದ ಸ್ಟಾಂಪು ಗೋದಾಮಿನಲ್ಲಿ ರಾಶಿ ರಾಶಿ ಉಳಿಯಿತು. ಹೊಸ ಸರಕಾರಕ್ಕೆ ಹೊಸದು ಮಾಡಿಸಲು ಕಾಸಿಲ್ಲ, ಪುರುಸೊತ್ತಿಲ್ಲ. ರಾಜನ ಮುಖದ ಮೇಲೇ ತಮ್ಮ ದೇಶದ ಹೆಸರು ಹೊಡೆಸಿದರು. ಓವರ್‌ಪ್ರಿಂಟ್. ಎಲ್ಲೋ ಒಂದರಲ್ಲಿ ಅಕ್ಷರ ತಲೆಕೆಳಗು, ಎಲ್ಲೋ ಒಂದರಲ್ಲಿ ಬಿಟ್ಟೇಹೋಗಿರುತ್ತದೆ. ನಾನು ಹುಡುಕುವುದು ಅದನ್ನೇ.

"ಮದುವೆ ಪತ್ರಿಕೇಲಿ ಜಾಗ ತಪ್ಪಾದ್ರೆ ಮೇಲೆ ಚೀಟಿ ಅಂಟಿಸ್ತಾರಲ್ಲ, ಹಾಗೆ," ಅಂದಳು. ನಗು ಬಂತು. ತೋರಿಸಿಕೊಳ್ಳಲಿಲ್ಲ.

ಆಮೇಲೆ ಸುದ್ದಿ ಹೇಳಿದಳು. ಬೇರೆ ಊರಿನ ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಕೆಲಸ. ಏಪ್ರಿಲ್ ಕೊನೆಗೆ ಹೋಗಬೇಕು. ಊಟ, ರೂಮು ಎಲ್ಲ ಅಲ್ಲೇ. "ಹೋಗ್ಲಾ ಅಕ್ಕ?" ಅಂತ ಕೇಳಿದಳು. "ಧಾರಾಳವಾಗಿ ಹೋಗು, ನನ್ನನ್ನೇನು ಕೇಳ್ತೀಯ," ಅಂದೆ.

ಹೋಗಲಿ. ಅವಳ ಹೊಲಿಗೆ ಮೆಷಿನ್ನಿನ ಜಾಗದಲ್ಲಿ ಇನ್ನೊಂದು ಮೇಜು ಹಾಕಬಹುದು.

ಫೆಬ್ರವರಿ 11, ಭಾನುವಾರ

ಅದೃಷ್ಟ ಬಂದರೆ ಒಟ್ಟೊಟ್ಟಿಗೇ ಬರುತ್ತದೆಯೋ ಏನೋ. ಹಳೆಯ ಬೆಲೆಯನ್ನು ಅಳಿಸಲು ಅಡ್ಡಗೆರೆ ಹೊಡೆಯುತ್ತಾರೆ, ನೆಟ್ಟಗೆ. ನಿಂಬೆ ದ್ವೀಪದ್ದರಲ್ಲಿ ಆ ಗೆರೆ ನಡುವೆ ಬಾಗಿದೆ. (ದೇಶಗಳ ಹೆಸರು ಮೂರು ಮೂರು ಸಲ ಬದಲಾಗಿವೆ, ನಾನೇ ಒಂದೊಂದು ಹೆಸರಿಟ್ಟುಕೊಂಡಿದ್ದೇನೆ.) ನಿನ್ನೆ ಉಪ್ಪಿನ ದ್ವೀಪದ್ದರಲ್ಲೂ ಹಾಗೇ ಸಿಕ್ಕಿತ್ತು. ಸಂಜೆ ಇನ್ನೊಂದು. ಇಷ್ಟು ವರ್ಷ ಇವು ಎಲ್ಲಿ ಅಡಗಿದ್ದವು? ಆಲ್ಬಮ್ಮಿನಲ್ಲಿ ಪ್ರತಿಯೊಂದರ ಕೆಳಗೆ "ಡೊಂಕು ಗೆರೆ" ಅಂತ ಬರೆದೆ.

ಭಾನುವಾರ ಸೇರುವ ನಮ್ಮ ಸ್ಟಾಂಪು ಬಳಗಕ್ಕೆ ಈಗಲೇ ಹೇಳುವುದಿಲ್ಲ. ನಾವು "ಜನರಲ್" ಅಂತ ಕರೆಯುವವರಿಗಂತೂ ಬೇಡವೇ ಬೇಡ. ಆ ಮನುಷ್ಯ ಬ್ಯಾಂಕಿನಲ್ಲಿ ಕೂತು ರಿಟೈರ್ ಆದವರು, ಮೀಸೆಯೊಂದು ಮಾತ್ರ ಸೈನ್ಯದ್ದು. ನನ್ನ ಸ್ಟಾಂಪು ನೋಡಿದರೆ ಸಾಕು, ಹೊಟ್ಟೆಯಲ್ಲಿ ಒಲೆ ಹತ್ತಿಕೊಳ್ಳುತ್ತದೆ.

ಫೆಬ್ರವರಿ 15, ಗುರುವಾರ

ಪ್ರೆಸ್ಸಿನಲ್ಲಿ ರಗಳೆ. ಮಾಲೀಕರು ಕರೆದು ಅಚ್ಚಾದ ಹಾಳೆ ಮುಂದಿಟ್ಟರು. ಶೀರ್ಷಿಕೆಯಲ್ಲೇ ತಪ್ಪು. ಕರಡು ತಿದ್ದಿದವಳು ನಾನು, ಕೆಳಗೆ ನನ್ನದೇ ಸಹಿ.

"ನಿಮ್ಮ ಕಣ್ಣು ತಪ್ಪಿಸಿ ಇಲ್ಲಿಂದ ಒಂದು ಸೊನ್ನೆ ಆಚೆ ಹೋಗ್ತಿರಲಿಲ್ಲ ಮೇಡಂ. ಏನಾಯ್ತು?"

"ಟೈಪ್ ಮಾಡೋರನ್ನ ಕೇಳಿ. ನಾನು ತಿದ್ದಿದ ಮೇಲೆ ಅವರು ಮತ್ತೆ ಕೈ ಹಾಕಿದ್ದಾರೆ."

ಜೋರಾಗಿಯೇ ಅಂದೆ. ಟೈಪ್ ಮಾಡುವ ಹುಡುಗಿ ಅಲ್ಲೇ ಕೂತಿದ್ದಳು, ತಲೆ ತಗ್ಗಿಸಿದಳು. ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ. ಟೀ ಲೋಟದ ಪಕ್ಕಕ್ಕೆ ಬಗ್ಗಿಸಿದೆ. ಪುಟ್ಟಿ ಸುಮ್ಮನೆ ಒರೆಸಿದಳು.

ಫೆಬ್ರವರಿ 25, ಭಾನುವಾರ, ಬೆಳಿಗ್ಗೆ 11

ಈಗಲೇ ಬರೆದಿಡಬೇಕು.

ಹೋದ ತಿಂಗಳು ಕೊಂಡ ಹಳೆಯ ಕರಾರುಪತ್ರದಲ್ಲಿ ರೆವಿನ್ಯೂ ಸ್ಟಾಂಪು ಮೂರು, ಒಂದಕ್ಕೊಂದು ಅಂಟಿಕೊಂಡೇ ಇರುವ ಪಟ್ಟಿ. ನೇರಳೆ ಸ್ಟಾಂಪಿನ ಮೇಲೆ ತಿಳಿನೇರಳೆ ಮಸಿಯ ಓವರ್‌ಪ್ರಿಂಟು, ಸಣ್ಣ ಅಕ್ಷರ. ಬರಿಗಣ್ಣಿಗೆ ಮೂರೂ ಒಂದೇ. ಲೆನ್ಸ್ ಹಿಡಿದೆ. ಎಡದ್ದರಲ್ಲಿ ಹೆಸರಿದೆ. ಬಲದ್ದರಲ್ಲಿ ಹೆಸರಿದೆ. ನಡುವಿನದರಲ್ಲಿ ಇಲ್ಲ.

ಇಲ್ಲ!

ಬಿಡಿಯಾಗಿ ಸಿಕ್ಕಿದ್ದರೆ ಕವಡೆ ಕಿಮ್ಮತ್ತಿಲ್ಲ, ಓವರ್‌ಪ್ರಿಂಟಿಗಿಂತ ಮುಂಚಿನ ಮಾಮೂಲಿ ಸ್ಟಾಂಪು ಅನ್ನುತ್ತಾರೆ. ಎರಡು ಪಕ್ಕದಲ್ಲೂ ಸಾಕ್ಷಿ ನಿಂತಿವೆಯಲ್ಲ, ಅದೇ ಇದರ ಬೆಲೆ. ಪುಸ್ತಕಗಳಲ್ಲಿ ಹುಡುಕಿದೆ, ಇಂಥದ್ದು ಇದೆ ಅಂತ ಯಾರೂ ಬರೆದಿಲ್ಲ. ಮೂವತ್ತು ವರ್ಷ ಹುಡುಕಿದ್ದು ಇದನ್ನೇ. ಅಡುಗೆಮನೆಗೆ ಹೋಗಿ ಪುಟ್ಟಿಯನ್ನು ತಬ್ಬಿಕೊಂಡೆ. ಪಾಪ, ಅವಳು ಹೆದರಿದಳು.

"ಏನಾಯ್ತೇ ಅಕ್ಕ, ಯಾರಾದ್ರೂ ಹೋದ್ರಾ?"

ತೋರಿಸಿದೆ. ಅವಳಿಗೆ ಲೆನ್ಸ್ ಹಿಡಿಯಲು ಬರುವುದಿಲ್ಲ. "ನಂಗೆ ಎಲ್ಲ ಒಂದೇ ಥರ ಕಾಣ್ತಿದೆ," ಅಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. "ಮೂರರಲ್ಲಿ ಒಂದು ಬೇರೆ, ನೋಡೇ ಸರಿಯಾಗಿ," ಅಂದೆ. "ಆಯ್ತು ತಾಯಿ, ನೀನು ಹಿಡಿದ ಮೊಲಕ್ಕೆ ಮೂರೇ ಕಾಲು," ಅಂದು ಒಲೆಯ ಕಡೆ ತಿರುಗಿದಳು.

ಮಾರ್ಚ್ 3, ಭಾನುವಾರ

ಇವತ್ತಿನದು ಬರೆಯಬಾರದು. ಬರೆಯುತ್ತೇನೆ.

ಬಳಗ ಸೇರಿತ್ತು, ಲೈಬ್ರರಿಯ ಮೇಲಿನ ಕೋಣೆಯಲ್ಲಿ, ಎಂದಿನಂತೆ. ಎಲ್ಲರೂ ತಮ್ಮ ಸ್ಟಾಂಪು ತೋರಿಸಿ ಮುಗಿಸುವವರೆಗೂ ಕಾದೆ. ಆಮೇಲೆ ನನ್ನ ಪಟ್ಟಿ ಮೇಜಿನ ಮೇಲಿಟ್ಟು, "ನಡುವಿನದು ನೋಡಿ," ಅಂದೆ. ಇಷ್ಟೇ ಅಂದದ್ದು. ಎಷ್ಟು ಸಲ ಕನ್ನಡಿಯ ಮುಂದೆ ಹೇಳಿಕೊಂಡಿದ್ದೆ.

ಜನರಲ್ ಮೊದಲು ನೋಡಿದರು. ತುಂಬ ಹೊತ್ತು ನೋಡಿದರು. ಇನ್ನೊಬ್ಬರಿಗೆ ಕೊಟ್ಟರು. ಅವರು ನೋಡಿ ನನ್ನ ಮುಖ ನೋಡಿದರು.

"ಇದೆಯಲ್ಲ ಮೇಡಂ," ಅಂದರು ಜನರಲ್. "ಮೂರರಲ್ಲೂ ಇದೆ."

ಕಿತ್ತುಕೊಂಡು ಲೆನ್ಸಿನ ಕೆಳಗಿಟ್ಟೆ. ಎಡಕ್ಕೆ ಇದೆ, ಬಲಕ್ಕೆ ಇದೆ, ನಡುವೆ ಇಲ್ಲ. ಅಯ್ಯೋ, ಇಲ್ಲವೇ ಇಲ್ಲ!

"ಏನ್ರೀ ಇದು, ತಮಾಷೇನಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ನಮ್ಮ ಕಣ್ಣಿಗೇ ಮಣ್ಣೆರಚ್ತೀರಾ?" ಏನೇನೋ ಅಂದೆ. ಅವರು ನೋಡುವಾಗ ಪಟ್ಟಿಯನ್ನೇ ಬದಲಾಯಿಸಿದ್ದಾರೆ ಅಂತ ಕೂಡ ಅಂದೆ. ಆಗ ಬದಲಾಗಿದ್ದರೆ ಈಗ ನನಗೆ ಇಲ್ಲ ಅಂತ ಹೇಗೆ ಕಾಣುತ್ತಿತ್ತು — ಅಷ್ಟು ಯೋಚನೆ ಆ ಕ್ಷಣದಲ್ಲಿ ಎಲ್ಲಿಂದ ಬರಬೇಕು. ಅವರು ಕೋಟಿನ ಜೇಬು ಎರಡೂ ಹೊರಕ್ಕೆಳೆದು ತೋರಿಸಿದರು. ಒಂದು ಕರವಸ್ತ್ರ, ಒಂದು ಮಾತ್ರೆ ಡಬ್ಬಿ. ನಾನು ಬಗ್ಗಿ ನೋಡಿದೆ ಬೇರೆ. ಥೂ.

ಅವರು ಸಿಟ್ಟಾಗಲಿಲ್ಲ. ಅದಕ್ಕೇ ಭಯವಾಯಿತು.

"ಯಾವ ಕಣ್ಣಲ್ಲಿ ನೋಡ್ತೀರಿ ಮೇಡಂ?"

"ಬಲಗಣ್ಣು. ಯಾವಾಗ್ಲೂ ಬಲಗಣ್ಣೇ."

"ಒಂದ್ಸಲ ಎಡಗಣ್ಣಲ್ಲಿ ನೋಡಿ."

ನೋಡಿದೆ. ಮೂರರಲ್ಲೂ ಇತ್ತು. ನಡುವಿನದರಲ್ಲಿ ಅಕ್ಕಪಕ್ಕದವಕ್ಕಿಂತ ಸ್ಪಷ್ಟವಾಗಿತ್ತು.

ಸ್ಟಾಂಪು ಅಲ್ಲೇ ಬಿಟ್ಟು ಮೆಟ್ಟಿಲಿಳಿದೆ. ಕ್ಷಮಿಸಿ ಅಂತ ಹೇಳಲಿಲ್ಲ.

ಮಾರ್ಚ್ 4

ಎಡಗಣ್ಣು ಮುಚ್ಚಿ ಗೋಡೆ ಗಡಿಯಾರ ನೋಡಿದೆ. ಸುತ್ತ ಅಂಕಿಗಳಿವೆ. ಮುಳ್ಳುಗಳ ಬುಡ ಇಲ್ಲ.

ಬಾಗಿಲ ಚೌಕಟ್ಟು ನೋಡಿದೆ. ನಡುವೆ ಬಾಗಿದೆ.

ಮಾರ್ಚ್ 12, ಮಂಗಳವಾರ

ಕಣ್ಣಿನ ಡಾಕ್ಟರು ಚಿಕ್ಕ ಪ್ರಾಯದವಳು. ಚೌಕುಳಿ ಗೆರೆಗಳ ಹಾಳೆ ಕೊಟ್ಟು ನಡುವಿನ ಚುಕ್ಕೆ ನೋಡಿ ಅಂದಳು. "ಯಾವ ಚುಕ್ಕೆ?" ಅಂದೆ. ಅಷ್ಟಕ್ಕೇ ಅವಳಿಗೆ ಗೊತ್ತಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ರಕ್ತನಾಳ ಸೋರುತ್ತಿದೆಯಂತೆ. ನೇರ ಗೆರೆ ಡೊಂಕಾಗಿ ಕಾಣುವುದು ಮೊದಲು, ಆಮೇಲೆ ನಡುವಿನದು ಕಾಣದೇ ಹೋಗುವುದು. ಅಂಚು ಕಾಣುತ್ತಲೇ ಇರುತ್ತದೆ. ಬಲಗಣ್ಣು ತಡವಾಯಿತು. ಎಡಗಣ್ಣಿನಲ್ಲೂ ಶುರುವಾಗಿದೆ. ಇಂಜೆಕ್ಷನ್ ಕೊಟ್ಟು ನೋಡೋಣ, ನಿಂತರೆ ನಿಂತೀತು ಅಂದಳು.

"ನೀವು ಏನು ಕೆಲಸ ಮಾಡ್ತೀರಮ್ಮ?"

"ಕರಡು ತಿದ್ದೋದು."

ಅವಳು ಬರೆಯುವುದನ್ನು ನಿಲ್ಲಿಸಿದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನೆಲ ನಿಜಕ್ಕೂ ಡೊಂಕಾಗಿಯೇ ಕಂಡಿತ್ತಲ್ಲ, ಯಾರಿಗೆ ಹೇಳಲಿ? ಬಸ್ ಸ್ಟಾಪಿನಲ್ಲಿ ಕೂತು ಅತ್ತೆ. ಪುಟ್ಟಿಗೆ ಕನ್ನಡಕದ ನಂಬರು ಬದಲಾಗಿದೆ ಅಂದೆ.

ಏಪ್ರಿಲ್ 2, ಮಂಗಳವಾರ

ಇಂಜೆಕ್ಷನ್ ಆಯಿತು. ಕಣ್ಣಿಗೇ ಸೂಜಿ. ದೇವರೇ.

ಪ್ರೆಸ್ ಬಿಟ್ಟೆ. ಮಾಲೀಕರು "ಹೋಗಿ" ಅನ್ನುವ ಮೊದಲೇ ನಾನೇ ಬಿಡ್ತೀನಿ ಅಂದೆ. ಹೊರಡುವಾಗ ಟೈಪಿನ ಹುಡುಗಿಯ ಹತ್ತಿರ ಹೋಗಿ, "ಅವತ್ತಿನ ತಪ್ಪು ನಂದೇ ಕಣಮ್ಮ," ಅಂದೆ. "ಗೊತ್ತು ಮೇಡಂ," ಅಂದಳು. ಅವಳಿಗೆ ಗೊತ್ತಿತ್ತು! ಎಲ್ಲರಿಗೂ ಗೊತ್ತಿತ್ತೋ ಏನೋ, ನನ್ನೊಬ್ಬಳನ್ನು ಬಿಟ್ಟು. ಪುಟ್ಟಿಗೆ ರಜೆ ಹಾಕಿದ್ದೇನೆ ಅಂದಿದ್ದೇನೆ.

ಆಲ್ಬಮ್ ತೆಗೆದು "ಡೊಂಕು ಗೆರೆ" ಅಂತ ಬರೆದಿದ್ದನ್ನೆಲ್ಲ ಎಡಗಣ್ಣಲ್ಲಿ ನೋಡಿ ನೋಡಿ ರಬ್ಬರಿನಿಂದ ಉಜ್ಜಿದೆ. ಎಲ್ಲ ನೆಟ್ಟಗಿದ್ದವು. ಕಡೆಯ ಒಂದೆರಡರ ಬಗ್ಗೆ ಖಾತ್ರಿಯಿಲ್ಲ. ಅವು ಎಡಗಣ್ಣಿಗೂ ಬಾಗಿ ಕಂಡವು.

ಸಂಜೆ ಜನರಲ್ ಬಂದರು. ಪಟ್ಟಿಯನ್ನು ಲಕೋಟೆಯಲ್ಲಿ ಜೋಪಾನವಾಗಿ ತಂದಿದ್ದರು. ಪುಟ್ಟಿ ಅಂಗಡಿಗೆ ಹೋಗಿದ್ದಳು, ಪುಣ್ಯ.

"ಅವತ್ತು ಬಾಯಿಗೆ ಬಂದ ಹಾಗೆ ಅಂದೆ. ಮನಸ್ಸಲ್ಲಿ ಇಟ್ಕೋಬೇಡಿ," ಅಂದೆ.

"ಬಿಡಿ ಮೇಡಂ. ಸ್ಟಾಂಪಿನವರ ಜಗಳ ಅದು, ಮನುಷ್ಯರದ್ದಲ್ಲ." ಮೀಸೆ ತೀಡಿದರು. "ನಮ್ಮನೆಯವಳಿಗೂ ಇದೇ ಆಗಿತ್ತು. ಕಡೆಕಡೆಗೆ ನನ್ನ ಮೀಸೆಯ ತುದಿ ನೋಡಿ ಗುರುತು ಹಿಡೀತಿದ್ದಳು. ಮನೆಯಲ್ಲಿ ಹೇಳಿದ್ದೀರಾ?"

"ಇಲ್ಲ."

"ಹೇಳಿ."

"ಹೇಳಿದ್ರೆ ಅವಳು ಹೋಗೋದಿಲ್ಲ. ಈ ವಯಸ್ಸಲ್ಲಿ ಮೊದಲನೇ ಸಲ ಅವಳದು ಅಂತ ಒಂದು ಕೆಲಸ, ಒಂದು ರೂಮು ಸಿಕ್ತಿದೆ."

"ಹೇಳದೇ ಇದ್ರೆ ನಿಮ್ಮ ಗತಿ?"

ಟೀ ಮಾಡಿ ಕೊಡುವ ಧೈರ್ಯ ಇರಲಿಲ್ಲ. ಹಾಗೇ ಕಳಿಸಿದೆ.

ಏಪ್ರಿಲ್ 19, ಶುಕ್ರವಾರ

ಎಡಗಣ್ಣೂ ಹೊರಟಿದೆ. ಇಂಜೆಕ್ಷನ್ ನಿಲ್ಲಿಸಲಿಲ್ಲ.

ಸ್ಟಾಂಪು ಹಿಡಿದರೆ ಹಲ್ಲಿನಂಥ ಅಂಚು ಕಾಣುತ್ತದೆ, ಒಳಗೆ ಬೂದಿ. ರಾಜನೂ ಇಲ್ಲ, ದೇಶವೂ ಇಲ್ಲ. ಎಲ್ಲವೂ ಒಂದೇ. ಪುಟ್ಟಿ ಹೇಳುತ್ತಿದ್ದದ್ದು ಅದೇ ಅಲ್ಲವೆ!

ಪುಟ್ಟಿ ಹೊಲಿಗೆ ಮೆಷಿನ್ ಮಾರಿದಳು. ಆ ಮೂಲೆ ಖಾಲಿ. ಮೇಜು ಯಾಕೆ ಈಗ, ಯಾವ ಸುಖಕ್ಕೆ? ಮೆಷಿನ್ನಿನ ಕಟಕಟ ಇಲ್ಲದೆ ಮಧ್ಯಾಹ್ನ ಮುಗಿಯುವುದೇ ಇಲ್ಲ. ಭಯವಾಗುತ್ತಿದೆ. ಇದನ್ನು ಬಾಯಿಬಿಟ್ಟು ಒಬ್ಬರಿಗೂ ಹೇಳಿಲ್ಲ. ಭಯವಾಗುತ್ತಿದೆ. ಅವಳು ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಹೊರಡುತ್ತಾಳೆ. ಹೋಗಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಅವಳು ಹೋಗ್ಲಾ ಅಂತ ಕೇಳಿದಾಗ ಅಷ್ಟು ಜಂಬದಿಂದ ಹೋಗು ಅಂದವಳು ನಾನು.

ಏಪ್ರಿಲ್ 27, ಶನಿವಾರ

ದಪ್ಪ ಮಾರ್ಕರಿನಲ್ಲಿ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಬರುತ್ತಿರಬಹುದು. ಬರಲಿ.

ನಿನ್ನೆ ಇಡೀ ಪುಟ ಬರೆದಿದ್ದೆ, ಪುಟ್ಟಿಗೆ ಅಂತ. ಕಣ್ಣಿನದು, ಪ್ರೆಸ್ಸಿನದು, ಹೋಗಬೇಡ ಅನ್ನುವುದು, ಹೋದರೂ ತಪ್ಪು ತಿಳಿಯುವುದಿಲ್ಲ ಅನ್ನುವುದು, ಎಲ್ಲ. ಬಾಯಿಗೆ ಬರದಿದ್ದರೂ ಕೈಗೆ ಬಂತು. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ಏನೂ ಬರೆದಿರಲಿಲ್ಲ ಅನ್ನಿಸಿತು. ಬೆಳಿಗ್ಗೆ ಈ ಪುಸ್ತಕ ತೆರೆದು ಅವಳ ಕೈಗಿಟ್ಟೆ.

"ಈ ಪುಟ ಓದು. ಮನಸ್ಸಲ್ಲೇ."

ಕಿಟಕಿಯ ಕಡೆ ತಿರುಗಿ ನಿಂತೆ. ಓದುತ್ತಿದ್ದಾಳೆ ಅಂದುಕೊಂಡೆ.

"ಅಕ್ಕ, ಇದರಲ್ಲಿ ಏನೂ ಇಲ್ವಲ್ಲ."

"ಸರಿಯಾಗಿ ನೋಡೇ."

"ಪುಟ ಖಾಲಿ ಅಕ್ಕ. ಪೆನ್ನು ಒತ್ತಿದ ಗುರುತಿದೆ ಅಷ್ಟೇ. ಇಂಕೇ ಇಲ್ಲ."

ಪುಟ ತಿರುವಿದ ಸಪ್ಪಳ. ಮತ್ತೆ ತಿರುವಿದಳು.

"ಮೇಲಿಂದ ಕೆಳಗಿನವರೆಗೂ ಹೀಗೇ ಬರೆದ್ಯಾ? ನಿಂಗೆ ಗೊತ್ತಾಗ್ಲಿಲ್ವಾ?"

"ಕತ್ತಲಿತ್ತು. ಕರೆಂಟ್ ಹೋಗಿತ್ತು."

"ನಿನ್ನೆ ಕರೆಂಟ್ ಹೋಗ್ಲೇ ಇಲ್ಲ."

ಎದುರಿಗೆ ಬಂದು ಕೂತಳು. ಕಿವಿ ಕಂಡಿತು, ಭುಜ ಕಂಡಿತು. ಮುಖ ಇರುವ ಜಾಗದಲ್ಲಿ ಬೂದಿ.

"ನಾನೀಗ ನಗ್ತಾ ಇದೀನಾ, ಹೇಳು ನೋಡೋಣ."

ಏನು ಹೇಳುವುದು? ಬಾಯಿಗೆ ಬಂದದ್ದು ಹೇಳಿದೆ.

"ನಗ್ತಾ ಇದೀಯ."

ಅವಳು ಎದ್ದಳು. ನನ್ನ ಕೈಯ ಮೇಲೆ ಏನೋ ಒದ್ದೆ ಬಿದ್ದಿತ್ತು. ಒಳಗೆ ಹೋದಳು.

ಈಗ ಅವಳ ಕೋಣೆಯಲ್ಲಿ ಪೆಟ್ಟಿಗೆ ಎಳೆದ ಸದ್ದು. ಮುಚ್ಚಳ ತೆಗೆದಳು. ಬಟ್ಟೆಯ ಸರಬರ. ತುಂಬುತ್ತಿದ್ದಾಳೋ ಹೊರಗೆ ತೆಗೆಯುತ್ತಿದ್ದಾಳೋ ಇಲ್ಲಿಂದ ತಿಳಿಯುವುದಿಲ್ಲ. ಹೋಗಿ ನೋಡಿದರೂ ತಿಳಿಯುವುದಿಲ್ಲ. ಕೇಳಬೇಕು. ಬಾಯಿಬಿಟ್ಟು ಕೇಳಲೇಬೇಕು. ಪುಟ್ಟೀ ಅಂತ ಕರೆದೆ, ಸದ್ದು ನಿಂತಿತು, ಬಾಗಿಲ ಹತ್ತಿರ ಬಂದಳು, ನಾನು ಮಾರ್ಕರ್ ಕೆಳಗಿಟ್ಟು ಕೇಳುತ್ತೇನೆ.