ಐಗ್ಲಾಸಿನಲ್ಲಿ ಕಂಡ ಕೂದಲು

ಮಾರ್ಚ್ ೩, ಸೋಮವಾರ

ತಿಂಡಿಗೆ ಮುಂಚೆ ಶುಗರ್ ೧೬೮. ಇವಳದು ೧೫೦. ಗಂಡ ಹೆಂಡತಿ ಇಬ್ಬರ ಮಾತ್ರೆಯೂ ಒಂದೇ ಡಬ್ಬಿಯಲ್ಲಿ. ನುಂಗಿದೆವು. ಹತ್ತಕ್ಕೆ ಅಂಗಡಿ ತೆಗೆದೆ. ಹೈಸ್ಕೂಲ್ ಮೇಡಂ ಅವರ ಹಳೆಯ ಕೀ ವಾಚು ಬಿಚ್ಚಿದೆ. ಐಗ್ಲಾಸ್ ಮೇಲೆ ಒಂದು ಕೂದಲು. ಒರೆಸಿದೆ, ಹೋಗಲಿಲ್ಲ. ಮತ್ತೆ ಒರೆಸಿದೆ. ಊಹೂಂ. ಮೂವತ್ತೊಂದು ವರ್ಷದಿಂದ ಬಲಗಣ್ಣಿಗೆ ಸಿಕ್ಕಿಸಿಕೊಳ್ಳುತ್ತಿರುವ ಭೂತಗನ್ನಡಿ... ಗೀರು ಬಿದ್ದಿರಬೇಕು.

ಮಾರ್ಚ್ ೫, ಬುಧವಾರ

ಹೊಸ ಐಗ್ಲಾಸ್ ತಂದೆ. ಅದರ ಮೇಲೂ ಕೂದಲು. ಮಾರಿದವನಿಗೆ ಫೋನ್ ಮಾಡಿ ಚೆನ್ನಾಗಿ ಉಗಿದೆ. "ವಾಪಸ್ ತನ್ನಿ ಸಾರ್, ನೋಡೋಣ" ಅಂದ. ಮೇಡಂ ವಾಚು ಬಿಚ್ಚಿದಂತೆಯೇ ಬಿದ್ದಿದೆ.

ಮಾರ್ಚ್ ೬

ಮಾರಿದವನೂ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದ. "ಎಲ್ಲಿದೆ ಸಾರ್ ಕೂದಲು? ಹೊಸ ಮಾಲು, ಒಂದು ಚುಕ್ಕೇನೂ ಇಲ್ಲ." ಬರುವಾಗ ಬ್ಯಾಂಕಿನ ಬಿಳಿ ಗೋಡೆ ನೋಡಿದೆ. ಗಾಜಿಲ್ಲ, ಏನಿಲ್ಲ — ಗೋಡೆಯ ಮೇಲೂ ಕೂದಲು. ಕಣ್ಣು ಹೊರಳಿಸಿದರೆ ಅದೂ ಹೊರಳುತ್ತದೆ.

ಇವಳಿಗೆ ಹೇಳಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳಲಿ? ಹೋದ ವರ್ಷ ಶುಗರ್ ಡಾಕ್ಟರು ಇಬ್ಬರಿಗೂ ಚೀಟಿ ಬರೆದುಕೊಟ್ಟಿದ್ದರು, ಕಣ್ಣು ಟೆಸ್ಟ್ ಮಾಡಿಸಿ, ವರ್ಷಕ್ಕೊಮ್ಮೆ ತಪ್ಪಿಸಬೇಡಿ ಎಂದು. ಮೊದಲು ನಾನು ಹೊರಟೆ. ಆಸ್ಪತ್ರೆ ಗೇಟಿನವರೆಗೂ ಹೋದೆ. ಡ್ರಾಪ್ಸ್ ಹಾಕಿದರೆ ಅರ್ಧ ದಿನ ಮಂಜು, ಕೆಲಸ ಹಾಳು. ಎಳೆಯಂಥ ಸ್ಪ್ರಿಂಗ್ ಕಾಣುವ ಕಣ್ಣಿಗೆ ಏನು ಧಾಡಿ ಎಂದು ಎದುರಿಗೆ ಟೀ ಕುಡಿದು ವಾಪಸ್ ಬಂದೆ. "ಕಣ್ಣು ಚೆನ್ನಾಗಿದೆ ಅಂದ್ರು" ಎಂದೆ. ಖುಷಿಪಟ್ಟಳು.

ಮಾರ್ಚ್ ೧೦, ಸೋಮವಾರ, ಸಂಜೆ ೫

ಕಣ್ಣಾಸ್ಪತ್ರೆಗೆ ಹೋಗಿಬಂದೆ. ಡ್ರಾಪ್ಸ್ ಇನ್ನೂ ಇಳಿದಿಲ್ಲ, ಸಾಲು ಎತ್ತೆತ್ತಲೋ ಹೋಗುತ್ತಿದೆ...

"ಇದು ಕೂದಲಲ್ಲ, ರಕ್ತ" ಅಂದರು ಡಾಕ್ಟರಮ್ಮ. "ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ನಾಳ ಸೋರಿದೆ. ಶುಗರ್ ಎಷ್ಟು ವರ್ಷದಿಂದ?"

"ಹನ್ನೆರಡು. ಆದ್ರೆ ನನಗೆ ಚೆನ್ನಾಗೇ ಕಾಣ್ತಿತ್ತಲ್ಲ ಮೇಡಂ. ವಾಚ್ ರಿಪೇರಿ ನನ್ನ ಕೆಲಸ."

"ಚೆನ್ನಾಗಿ ಕಾಣ್ತಿರುವಾಗ್ಲೇ ಒಳಗೆ ಹಾಳಾಗ್ತಿರುತ್ತೆ. ನೀವು ವಾಚಿನ ಗಾಜು ಒರೆಸಿ, ಒಳಗೆಲ್ಲ ಸರಿಯಿದೆ ಅಂತ ಕೊಟ್ಟು ಕಳಿಸ್ತೀರಾ?"

ಗುರುವಾರ ಬಲಗಣ್ಣಿಗೆ ಲೇಸರ್. ಎಡಗಣ್ಣಿನಲ್ಲೂ ಶುರುವಾಗಿದೆಯಂತೆ. ಭಯವಾಗುತ್ತಿದೆ. ಈ ಕೈಗೆ ಬೇರೆ ಕೆಲಸ ಬರುವುದಿಲ್ಲ. ಇವತ್ತಿನದು ಇವಳಿಗೆ ಹೇಳಿದೆ. ಹೋದ ವರ್ಷದ್ದು ಹೇಳಲಿಲ್ಲ.

ಏಪ್ರಿಲ್ ೨, ಬುಧವಾರ

ಮೂರು ವಾರ ಪೆನ್ನು ಮುಟ್ಟಿರಲಿಲ್ಲ. ಲೇಸರ್ ಎರಡು ಸಲ ಆಯಿತು. ಕೂದಲು ತೆಳ್ಳಗಾಗಿದೆ. ಶುಗರ್, ಬಿಪಿ ಹಿಡಿತದಲ್ಲಿದ್ದರೆ ಇರುವ ನೋಟ ಉಳಿಯಬಹುದು ಎಂದಿದ್ದಾರೆ. ಇವತ್ತು ಶುಗರ್ ೧೨೪.

ಇವಳದು ದಿನಾ ಒಂದೇ ರಾಗ. "ಹೋದ ವರ್ಷ ನಿಮ್ಮನ್ನ ನೋಡಿದ ಡಾಕ್ಟ್ರಿಗೆ ಕಣ್ಣಿರಲಿಲ್ವಾ? ಹೋಗಿ ಕೇಳ್ತೀನಿ ಇರಿ." ತಡೆಯಲಾಗಲಿಲ್ಲ. ಹೇಳಿಬಿಟ್ಟೆ — ಗೇಟು, ಟೀ, ಎಲ್ಲ. ಜನ್ಮ ಜಾಲಾಡುತ್ತಾಳೆ ಅಂದುಕೊಂಡೆ. ಬಟ್ಟೆ ಮಡಿಸುತ್ತಿದ್ದವಳು ಹಾಗೇ ಕೂತಳು.

"ಇಷ್ಟು ವರ್ಷ ಶುಗರ್ ಇರೋ ನಿಮಗೇ ಏನಿಲ್ಲ, ಮೊನ್ನೆ ಮೊನ್ನೆ ಬಂದಿರೋ ನನಗೇನಾಗುತ್ತೆ ಅಂತ... ನಾನೂ ಹೋಗಲಿಲ್ಲ ರೀ."

ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಏಪ್ರಿಲ್ ೭, ಸೋಮವಾರ, ೧೧:೨೦

ಆಸ್ಪತ್ರೆ ಬೆಂಚು. ಅಂಗಡಿ ಮುಚ್ಚಿ ಬಂದಿದ್ದೇನೆ. ಇವಳಿಗೆ ಡ್ರಾಪ್ಸ್ ಹಾಕಿ ಒಳಗೆ ಕರೆದುಕೊಂಡರು. ನನ್ನ ಕಣ್ಣಿಗಾದಾಗಲೂ ಇಷ್ಟು ಹೆದರಿರಲಿಲ್ಲ.

೧೨:೦೫

ಗೋಡೆ ಹಿಡಿದುಕೊಂಡು ಬಂದಳು. ರಿಪೋರ್ಟು ನನ್ನ ಕೈಗಿಟ್ಟಳು.

"ಅವರು ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ. ಕಣ್ಣೆಲ್ಲ ಮಂಜು. ನೀವೇ ಓದಿ. ಇದ್ದದ್ದು ಇದ್ದ ಹಾಗೆ ಓದಿ."

ಒಂದ್ನಿಮಿಷ ಅಂದೆ. ಇವಳ ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿನಲ್ಲಿ ಶುರುವಾಗಿದೆ. ಹೇಳುವುದು ಬಿಟ್ಟು ಇಲ್ಲಿ ಗೀಚುತ್ತಾ ಕೂತಿದ್ದೇನೆ, ಅವಳಿಗೆ ಕಾಣುವುದಿಲ್ಲವಲ್ಲ. ಮೊಣಕೈಯಿಂದ ತಿವಿಯುತ್ತಿದ್ದಾಳೆ. "ಏನ್ರೀ, ಚೆನ್ನಾಗಿದೆ ಅಂತ ಇದೆಯಾ?"

ಇಲ್ಲ. ಇದ್ದ ಹಾಗೇ ಓದುತ್ತೇ—